ಪರ್ಫಾರ್ಮೆನ್ಸ್ ಕ್ರೂಸರ್ ಅಂದ್ರೆ ಬರೀ ಹೆಸರಾ?

ಎರಡೂ 40 ಅಡಿಯ ಹಾಯಿದೋಣಿ, ಒಂದಕ್ಕೆ ಮಾತ್ರ ಪರ್ಫಾರ್ಮೆನ್ಸ್ ಕ್ರೂಸರ್ (ಪ್ರವಾಸದ ದೋಣಿಯೇ, ಆದರೆ ಹಗುರ, ವೇಗದ್ದು) ಅಂತ ಹೆಸರು, ಇದು ಸುಮ್ನೆ ಮಾರುವವರ ಮಾತಾ ಎಂದು ಕೇಳಿದ್ದೀರಿ. ಸ್ವಲ್ಪ ಮಟ್ಟಿಗೆ ಹೌದು. ಆದರೆ ತೂಕದ ವಿಷಯದಲ್ಲಿ ಅಲ್ಲ.

ನಾನು ಎರಡರಲ್ಲೂ ಓಡಾಡಿದ್ದೇನೆ. ಒಳ್ಳೆ ಗಾಳಿ ಇದ್ದಾಗ ನೀವಂದುಕೊಂಡಷ್ಟು ವ್ಯತ್ಯಾಸ ಕಾಣುವುದಿಲ್ಲ. ಯಾಕಂದ್ರೆ ದೋಣಿಗೆ ತಾನೇ ಎಬ್ಬಿಸಿದ ಅಲೆಯೇ ಅಡ್ಡ ಬರುತ್ತದೆ. ನೀರಿನ ಮಟ್ಟದಲ್ಲಿ ದೋಣಿಯ ಉದ್ದ 36 ಅಡಿ ಎನ್ನಿ. ಅದರ ವರ್ಗಮೂಲ 6, ಅದನ್ನು 1.34ರಿಂದ ಗುಣಿಸಿದರೆ ಸುಮಾರು 8 ನಾಟ್, ಅಂದ್ರೆ ಗಂಟೆಗೆ ಸುಮಾರು 15 ಕಿ.ಮೀ. ಇದೇ ಹೆಚ್ಚುಕಡಿಮೆ ದೋಣಿಯ ವೇಗದ ಮಿತಿ. ಅದನ್ನು ದಾಟಬೇಕಾದರೆ ತುಂಬಾ ಬಲ ಬೇಕು.

ಮಜಾ ಇರುವುದು ಗಾಳಿ 7-8 ನಾಟ್‌ಗೆ ಇಳಿದಾಗ. ಭಾರದ ದೋಣಿಯವರು ಎಂಜಿನ್ ಹಾಕುತ್ತಾರೆ. ಹಗುರದ್ದು ಸದ್ದಿಲ್ಲದೆ ಹೋಗುತ್ತಲೇ ಇರುತ್ತದೆ. ಚುಕ್ಕಾಣಿಗೆ ಎರಡು ಬೆರಳು ಸಾಕು. ಗಾಳಿ ಒಂಚೂರು ಜಾಸ್ತಿಯಾದರೂ ಬೆರಳಿಗೆ ಗೊತ್ತಾಗುತ್ತದೆ. ಒಮ್ಮೆ ಇದರ ರುಚಿ ಹತ್ತಿದರೆ ಬಿಡುವುದು ಕಷ್ಟ.

ಇದು ಹೇಗೆ ಸಾಧ್ಯ? ಒಡಲಿಗೆ ಬರೀ ದಪ್ಪ ಫೈಬರ್ ಬದಲು ನಡುವೆ ಫೋಮ್ ಇಟ್ಟು, ಎರಡೂ ಕಡೆ ತೆಳು ಪದರ ಹಾಕುತ್ತಾರೆ. ಕೀಲ್, ಅಂದ್ರೆ ತಳದಿಂದ ನೀರೊಳಗೆ ಇಳಿಯುವ ರೆಕ್ಕೆ, ಕಿರಿದು, ಆದರೆ ಆಳ. ಅದರ ತುದಿಯಲ್ಲಿ ಸೀಸದ ಗುಂಡು. ಭಾರ ಅಷ್ಟು ಕೆಳಗಿದ್ದರೆ ಕಡಿಮೆ ಸೀಸದಲ್ಲೇ ದೋಣಿ ನೆಟ್ಟಗೆ ನಿಲ್ಲುತ್ತದೆ, ಎತ್ತರದ ಕಂಬಕ್ಕೆ ದೊಡ್ಡ ಹಾಯಿ ಕಟ್ಟಬಹುದು. ಹಾಯಿಯ ವಿಸ್ತಾರಕ್ಕೂ ದೋಣಿಯ ತೂಕಕ್ಕೂ ಒಂದು ಅನುಪಾತ ಲೆಕ್ಕ ಹಾಕುತ್ತಾರೆ. ಮಾಮೂಲಿ ಕ್ರೂಸರ್‌ಗಳಲ್ಲಿ ಅದು 16-18ರ ಆಸುಪಾಸು, ಇವುಗಳಲ್ಲಿ 20ರ ಹತ್ತಿರ ಅಥವಾ ಮೇಲೆ.

ಇನ್ನು ತೊಂದರೆಗಳು. ಕೀಲ್ 2 ಮೀಟರ್‌ಗಿಂತ ಆಳ ಇದ್ದರೆ ಎಷ್ಟೋ ಚಂದದ ಕೊಲ್ಲಿಗಳಿಗೆ ದೂರದಿಂದಲೇ ಕೈ ಮುಗಿಯಬೇಕು. ತಳ ಚಪ್ಪಟೆ, ಹಾಗಾಗಿ ಎದುರು ಅಲೆಗೆ ಮೂತಿ ಧಡ್ ಧಡ್ ಎಂದು ಬಡಿಯುತ್ತದೆ. ಒಂದು ರಾತ್ರಿ ಮುಂದಿನ ಕ್ಯಾಬಿನ್‌ನಲ್ಲಿ ಮಲಗಲಾಗದೆ ದಿಂಬು ಹಿಡಿದು ಹಿಂದಕ್ಕೆ ಬಂದಿದ್ದೇನೆ.

ಎಲ್ಲಕ್ಕಿಂತ ದೊಡ್ಡ ಶತ್ರು ನಮ್ಮ ಸಾಮಾನು. ಲಂಗರಿನ 10 ಮಿ.ಮೀ. ಸರಪಳಿ ಮೀಟರಿಗೆ 2 ಕಿಲೋಗಿಂತ ಜಾಸ್ತಿ ತೂಗುತ್ತದೆ. 60 ಮೀಟರ್ ಇಟ್ಟುಕೊಂಡರೆ 120 ಕಿಲೋ ದಾಟಿತು, ಅದೂ ಮೂತಿಯಲ್ಲೇ! ಮೇಲೆ 400 ಲೀಟರ್ ನೀರು, ಡೀಸೆಲ್, ಜನರೇಟರ್. ಇಷ್ಟೆಲ್ಲ ಹೇರಿದ ಮೇಲೆ ಹಗುರ ದೋಣಿ ಎಲ್ಲಿ ಉಳಿಯಿತು?

ಹಳೆಯದನ್ನು ಕೊಳ್ಳುವುದಾದರೆ ಮೊದಲು ತಳದ ಬಣ್ಣದ ಅಂಚು ನೋಡಿ. ಅದು ನೀರೊಳಗೆ ಮುಳುಗಿದ್ದರೆ ದೋಣಿಗೆ ಭಾರ ಜಾಸ್ತಿಯಾಗಿದೆ ಎಂದರ್ಥ, ಕಾಗದದ ಮೇಲಿನ ಅಂಕಿಗಳನ್ನು ನಂಬಬೇಡಿ.