ಸಂಪಾದಕರ ಉತ್ತರ: ‘ನನ್ನ ಮಗನ ಮಾಸ್ಕ್ ನನ್ನ ತೀರ್ಮಾನವಲ್ಲವೇ?’

ಸೋದರಿ,

ನಿಮ್ಮ ಪತ್ರ ಕೈಸೇರಿ ಮೂರು ವಾರಗಳಾದವು. ಅವಸರದಲ್ಲಿ ಉತ್ತರಿಸುವ ಪತ್ರ ಅದಾಗಿರಲಿಲ್ಲ. ಹೆಸರನ್ನಾಗಲಿ, ಊರನ್ನಾಗಲಿ, ಶಾಲೆಯ ಗುರುತನ್ನಾಗಲಿ ಪ್ರಕಟಿಸಬಾರದೆಂದು ನೀವು ಕೋರಿದ್ದೀರಿ. ಆದ್ದರಿಂದ ಇತರ ಓದುಗರ ತಿಳಿವಳಿಕೆಗಾಗಿ ಪತ್ರದ ಸಾರವನ್ನಷ್ಟೇ ಇಲ್ಲಿ ಹೇಳುತ್ತೇನೆ.

ಮಂಗಳೂರಿನ ಕಡೆಯಿಂದ ಹೋಗಿ ಅಮೆರಿಕದಲ್ಲಿ ನೆಲೆಸಿರುವ ನೀವು ನಿಮ್ಮ ಮಗನನ್ನು ಅಲ್ಲಿನ ಚರ್ಚಿಗೆ ಸೇರಿದ ಕ್ಯಾಥೊಲಿಕ್ ಶಾಲೆಯಲ್ಲಿ ಓದಿಸುತ್ತಿದ್ದಿರಿ. ಮಗನ ಎರಡೂ ಕಿವಿಗಳಿಗೆ ಶ್ರವಣಯಂತ್ರವಿದೆ. 2021ರ ಆಗಸ್ಟ್‌ನಲ್ಲಿ, ಶಾಲೆ ತೆರೆಯುವ ಮುನ್ನ, ಮಾಸ್ಕ್ ಕಡ್ಡಾಯವಿರಬೇಕೋ ಐಚ್ಛಿಕವಾಗಿರಬೇಕೋ ಎಂದು ಚರ್ಚಿಸಲು ಚರ್ಚಿನ ಸಭಾಂಗಣದಲ್ಲಿ ಪೋಷಕರ ಸಭೆ ನಡೆಯಿತು. ಐಚ್ಛಿಕವಾಗಲಿ ಎಂಬ ಮನವಿಗೆ ನೀವು ಸಹಿ ಹಾಕಿದ್ದಿರಿ. ನಿಮ್ಮ ಆಪ್ತ ಗೆಳತಿ ಕಡ್ಡಾಯವನ್ನು ಮುಂದುವರಿಸಬೇಕೆಂದು ಬೇಡಿಕೊಂಡರು, ಏಕೆಂದರೆ ಅವರ ಯಜಮಾನರಿಗೆ ಕಿಡ್ನಿ ಕಸಿಯಾಗಿತ್ತು. ಸಭೆ ಐಚ್ಛಿಕದ ಪರವಾಗಿ ಮುಗಿಯಿತು, ಗೆಳತಿ ಮಗಳನ್ನು ಶಾಲೆಯಿಂದ ಬಿಡಿಸಿದರು, ಅಂದಿನಿಂದ ನಿಮ್ಮಿಬ್ಬರ ನಡುವೆ ಮಾತಿಲ್ಲ. ಸಾಂಕ್ರಾಮಿಕದ ದಿನಗಳನ್ನು ಕುರಿತ ನಮ್ಮ ಇತ್ತೀಚಿನ ಲೇಖನವೊಂದರಲ್ಲಿ ‘ಮಾಸ್ಕ್ ನಿಯಮವನ್ನು ವಿರೋಧಿಸಿದ ಪೋಷಕರು ವಿಜ್ಞಾನಕ್ಕೆ ಬೆನ್ನು ತಿರುಗಿಸಿದವರು’ ಎಂಬ ವಾಕ್ಯವನ್ನು ಓದಿ ನೀವು ನೊಂದಿದ್ದೀರಿ. ‘ನನ್ನ ಮಗನ ಮಾಸ್ಕ್ ನನ್ನ ತೀರ್ಮಾನವಲ್ಲವೇ? ನಾನು ಮಾಡಿದ್ದು ತಪ್ಪೇ?’ ಎಂದು ಕೇಳಿದ್ದೀರಿ.

ಮೊದಲು ನಮ್ಮ ತಪ್ಪು. ಆ ವಾಕ್ಯವನ್ನು ಅಚ್ಚಿಗೆ ಕಳುಹಿಸುವಾಗ ನಾನು ತಡೆಯಬೇಕಿತ್ತು. ಬೆಂಗಳೂರಿನಲ್ಲಿ ಕುಳಿತು ಅದನ್ನು ಬರೆಯುವುದು ಸುಲಭವಾಗಿತ್ತು, ಏಕೆಂದರೆ ನೀವು ಆ ಸಭೆಯಲ್ಲಿ ಕುಳಿತಿದ್ದ ತಿಂಗಳಲ್ಲಿ ಇಲ್ಲಿನ ಚಿಕ್ಕ ಮಕ್ಕಳು ತರಗತಿಯ ಮುಖವನ್ನೇ ಕಂಡಿರಲಿಲ್ಲ. ಕರ್ನಾಟಕದಲ್ಲಿ ಒಂಬತ್ತನೇ ತರಗತಿಯಿಂದ ಮೇಲಿನವರಿಗೆ 2021ರ ಆಗಸ್ಟ್ 23ರಂದು ಶಾಲೆ ತೆರೆಯಿತು. ಒಂದರಿಂದ ಐದನೇ ತರಗತಿಯ ಮಕ್ಕಳು ಬೆಂಚಿಗೆ ಮರಳಿದ್ದು ಅಕ್ಟೋಬರ್ 25ರಂದು. ಶಾಲೆಯೇ ಇಲ್ಲದಿದ್ದಾಗ ಶಾಲೆಯ ಮಾಸ್ಕ್ ನಮಗೆ ಪ್ರಶ್ನೆಯೇ ಆಗಿರಲಿಲ್ಲ. ನಿಮಗೆ ಅದು ಪ್ರತಿದಿನ ಬೆಳಿಗ್ಗೆ ಎಂಟು ಗಂಟೆಯ ಪ್ರಶ್ನೆಯಾಗಿತ್ತು.

ಆ ವಾಕ್ಯ ಸಂಗತಿಯ ದೃಷ್ಟಿಯಿಂದಲೂ ನಿಲ್ಲುವುದಿಲ್ಲ. ಮಕ್ಕಳ ಮಾಸ್ಕ್ ಬಗ್ಗೆ ಆಗ ತಜ್ಞ ಸಂಸ್ಥೆಗಳೇ ಒಂದೇ ಮಾತನ್ನು ಹೇಳುತ್ತಿರಲಿಲ್ಲ. ಸಿಡಿಸಿ ಎಂದು ಹೆಸರಾದ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಎರಡು ವರ್ಷದ ಮೇಲಿನ ಎಲ್ಲ ಮಕ್ಕಳಿಗೂ ಮಾಸ್ಕ್ ಬೇಕೆನ್ನುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2020ರ ಆಗಸ್ಟ್‌ನಲ್ಲಿ ನೀಡಿದ ಸಲಹೆಯಲ್ಲಿ ಐದು ವರ್ಷದವರೆಗಿನ ಮಕ್ಕಳಿಗೆ ಮಾಸ್ಕ್ ಕಡ್ಡಾಯ ಬೇಡವೆಂದೂ, ಆರರಿಂದ ಹನ್ನೊಂದರ ವಯಸ್ಸಿನವರ ವಿಷಯದಲ್ಲಿ ಸೋಂಕಿನ ಮಟ್ಟ, ಮಗುವಿನ ಸಾಮರ್ಥ್ಯ, ಮನೆಯಲ್ಲಿ ಅಪಾಯದಲ್ಲಿರುವವರು ಇದ್ದಾರೆಯೇ ಎಂಬುದನ್ನೆಲ್ಲ ನೋಡಿ ತೀರ್ಮಾನಿಸಬೇಕೆಂದೂ ಹೇಳಿದ್ದವು. ಇಂಗ್ಲೆಂಡ್ ತನ್ನ ಪ್ರಾಥಮಿಕ ಶಾಲೆಯ ಮಕ್ಕಳಿಗೆ ತರಗತಿಯಲ್ಲಿ ಮಾಸ್ಕನ್ನು ಕಡ್ಡಾಯ ಮಾಡಲೇ ಇಲ್ಲ. ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ 3.4 ಲಕ್ಷ ವಯಸ್ಕರನ್ನು ಒಳಗೊಂಡು ನಡೆದ ದೊಡ್ಡ ಪ್ರಯೋಗದಲ್ಲಿ ಸರ್ಜಿಕಲ್ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ ರೋಗಲಕ್ಷಣಸಹಿತ ಸೋಂಕು ಸುಮಾರು ಶೇ 11ರಷ್ಟು ತಗ್ಗಿತು. ಬಟ್ಟೆಯ ಮಾಸ್ಕ್‌ನ ವಿಷಯದಲ್ಲಿ ಅಷ್ಟು ಸ್ಪಷ್ಟ ಫಲ ಕಾಣಲಿಲ್ಲ. ಬಾಸ್ಟನ್ ಸುತ್ತಲಿನ ಶಾಲೆಗಳಲ್ಲಿ 2022ರ ಆರಂಭದಲ್ಲಿ ನಿಯಮ ತೆಗೆದ ಮೇಲೆ, ಅದನ್ನು ಉಳಿಸಿಕೊಂಡ ಶಾಲೆಗಳಿಗಿಂತ ಹೆಚ್ಚು ಸೋಂಕು ಕಂಡಿತೆಂದು ಅದೇ ವರ್ಷ ಪ್ರಕಟವಾದ ಅಧ್ಯಯನ ಹೇಳಿತು. ಮಾಸ್ಕ್‌ಗೆ ಉಪಯೋಗವಿತ್ತು ಎಂದೇ ನಾನು ನಂಬುತ್ತೇನೆ. ಆದರೆ ಎಂಟು ವರ್ಷದ ಮಗು ಸಡಿಲವಾದ ಬಟ್ಟೆಯ ಮಾಸ್ಕನ್ನು ಆರು ಗಂಟೆ ಕಾಲ ಧರಿಸುವುದರಿಂದ ಎಷ್ಟು ಉಪಯೋಗ ಎಂದು ಪ್ರಶ್ನಿಸಿದ ತಾಯಿ ವಿಜ್ಞಾನಕ್ಕೆ ಬೆನ್ನು ತಿರುಗಿಸಿದವಳಲ್ಲ. ಆ ವಾಕ್ಯವನ್ನು ಹಿಂತೆಗೆದುಕೊಂಡಿದ್ದೇವೆ.

ಇಷ್ಟು ಹೇಳಿದ ಮೇಲೆ, ನಿಮ್ಮ ಪ್ರಶ್ನೆಗೆ ನೀವು ಬಯಸುವ ಉತ್ತರವನ್ನು ಪೂರ್ತಿಯಾಗಿ ಕೊಡಲು ನನ್ನಿಂದ ಆಗದು. ಅದನ್ನು ವಿವರಿಸುವ ಮೊದಲು, ಈ ಜಗಳ ಕ್ಯಾಥೊಲಿಕ್ ಶಾಲೆಗಳಲ್ಲಿ ಅಷ್ಟು ಆಳವಾಗಿ ನಾಟಿದ್ದೇಕೆಂದು ನಮ್ಮ ಓದುಗರಿಗೆ ಹೇಳಬೇಕು.

ಅಮೆರಿಕದ ಸರ್ಕಾರಿ ಶಾಲೆಗಳ ನಿಯಮವನ್ನು ಗವರ್ನರ್ ಅಥವಾ ಜಿಲ್ಲಾ ಶಾಲಾ ಮಂಡಳಿ ನಿರ್ಧರಿಸುತ್ತಿತ್ತು. ಕೋಪ ಬಂದರೆ ದೂರದ ಅಧಿಕಾರಿಯೊಬ್ಬರ ಮೇಲೆ ಬರುತ್ತಿತ್ತು. ರಾಜ್ಯದ ಆದೇಶವಿಲ್ಲದ ಕಡೆ ಕ್ಯಾಥೊಲಿಕ್ ಶಾಲೆಗಳ ತೀರ್ಮಾನ ಧರ್ಮಪ್ರಾಂತ್ಯದ ಬಿಷಪ್ಪರಿಗೆ, ಕೆಲವೊಮ್ಮೆ ಅವರಿಂದ ಕೆಳಗಿಳಿದು ಆಯಾ ಚರ್ಚಿನ ಗುರುಗಳಿಗೆ ಮತ್ತು ಮುಖ್ಯೋಪಾಧ್ಯಾಯರಿಗೆ ಬಂತು. ಭಾನುವಾರ ಒಂದೇ ಬಲಿಪೂಜೆಯಲ್ಲಿ ಅಕ್ಕಪಕ್ಕ ಮೊಣಕಾಲೂರುವ ಕುಟುಂಬಗಳು ಸೋಮವಾರ ಸಂಜೆ ಎದುರುಬದುರಾಗಿ ಕೂರಬೇಕಾಯಿತು. ಜೊತೆಗೆ ಹಣದ ಚಿಂತೆಯೂ ಇತ್ತು. ಅಲ್ಲಿನ ರಾಷ್ಟ್ರೀಯ ಕ್ಯಾಥೊಲಿಕ್ ಶಿಕ್ಷಣ ಸಂಘದ ಲೆಕ್ಕದಂತೆ 2020–21ರಲ್ಲಿ ಈ ಶಾಲೆಗಳ ದಾಖಲಾತಿ ಶೇ 6.4ರಷ್ಟು ಕುಸಿದಿತ್ತು; ಆ ಒಂದು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಶಾಲೆಗಳು ಮುಚ್ಚಿದವು. ಮರುವರ್ಷ ದಾಖಲಾತಿ ಶೇ 3.8ರಷ್ಟು ಏರಿತು. ಶುಲ್ಕ ಕಟ್ಟುವ ಪ್ರತಿ ಪೋಷಕರ ಬಳಿಯೂ ಮಗುವನ್ನು ಬಿಡಿಸಿಕೊಂಡು ಹೋಗುವ ದಾರಿ ಇದ್ದಾಗ ಶಾಲೆಯ ಆಡಳಿತಕ್ಕೆ ಎರಡೂ ಕಡೆಯ ಭಯ. ‘ಐಚ್ಛಿಕ’ ಎಂಬ ಪದ ಆಗ ಯಾರನ್ನೂ ನೋಯಿಸದ ದಾರಿಯಂತೆ ಕಂಡಿರಬೇಕು.

ನೀವು ಪತ್ರದಲ್ಲಿ ನ್ಯಾಯಾಲಯದ ತೀರ್ಪುಗಳನ್ನು ಸಾಕ್ಷಿಯಾಗಿ ಹೇಳಿದ್ದೀರಿ. ಕೆಂಟಕಿ ರಾಜ್ಯದ ಗವರ್ನರ್ ಆಂಡಿ ಬೆಶಿಯರ್ ಅವರು 2021ರ ಆಗಸ್ಟ್ 10ರಂದು ಹೊರಡಿಸಿದ ಶಾಲಾ ಮಾಸ್ಕ್ ಆದೇಶವನ್ನು ಕೋವಿಂಗ್ಟನ್ ಧರ್ಮಪ್ರಾಂತ್ಯದ ಶಾಲೆಯ ಪೋಷಕರು ಪ್ರಶ್ನಿಸಿದರು; ಫೆಡರಲ್ ನ್ಯಾಯಾಧೀಶ ವಿಲಿಯಂ ಬರ್ಟೆಲ್ಸ್‌ಮನ್ ಒಂಬತ್ತೇ ದಿನಗಳಲ್ಲಿ ತಾತ್ಕಾಲಿಕ ತಡೆ ನೀಡಿದರು. ಇದು ನಿಜ. ಆದರೆ ಅಲ್ಲಿದ್ದ ಮುಖ್ಯ ಪ್ರಶ್ನೆ, ಶಾಸಕಾಂಗ ಗವರ್ನರ್ ಅಧಿಕಾರಕ್ಕೆ ಮಿತಿ ಹಾಕಿದ ಮೇಲೆ ಅವರು ಹೀಗೆ ಆದೇಶಿಸಬಹುದೇ ಎಂಬುದು. ಇನ್ನೊಂದು ಕಡೆ, ಮಿಷಿಗನ್ ರಾಜ್ಯದ ಲ್ಯಾನ್ಸಿಂಗ್ ನಗರದ ಕ್ಯಾಥೊಲಿಕ್ ಪ್ರಾಥಮಿಕ ಶಾಲೆಯೊಂದು, ಮನುಷ್ಯನ ಮುಖ ದೇವರ ಪ್ರತಿರೂಪ, ಅದನ್ನು ಮುಚ್ಚಿಸುವುದು ನಮ್ಮ ವಿಶ್ವಾಸಕ್ಕೆ ಅಡ್ಡಿ ಎಂದು ವಾದಿಸಿ 2020ರಲ್ಲಿ ಮೊಕದ್ದಮೆ ಹೂಡಿತು. ನಿಯಮ ಎಲ್ಲರಿಗೂ ಸಮಾನವಾಗಿ ಅನ್ವಯಿಸುವುದರಿಂದ ಧರ್ಮಸ್ವಾತಂತ್ರ್ಯಕ್ಕೆ ಧಕ್ಕೆಯಿಲ್ಲವೆಂದು 2021ರ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯದ ಮೂವರು ನ್ಯಾಯಾಧೀಶರ ಪೀಠ ಹೇಳಿತು. ಅನಂತರ ಪೂರ್ಣಪೀಠ, ಆದೇಶವೇ ಹೋಗಿರುವುದರಿಂದ ವಿವಾದ ಉಳಿದಿಲ್ಲವೆಂದು 2022ರ ಮೇ ತಿಂಗಳಲ್ಲಿ ಕೈಬಿಟ್ಟಿತು. ಈ ಎರಡರಲ್ಲೂ ನ್ಯಾಯಾಲಯದ ಮುಂದಿದ್ದದ್ದು ಆಜ್ಞೆ ಮಾಡುವ ಅಧಿಕಾರ ಯಾರಿಗೆ, ಎಲ್ಲಿಯವರೆಗೆ ಎಂಬ ಪ್ರಶ್ನೆ. ಅಧಿಕಾರ ಪೋಷಕರ ಕೈಗೆ ಬಂದ ಮೇಲೆ ಅವರು ಪರಸ್ಪರ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಯಾವ ನ್ಯಾಯಾಧೀಶರೂ ಹೇಳಿಕೊಡಲಿಲ್ಲ.

ಈಗ ನಿಮ್ಮ ಸಭೆಗೆ ಬರುತ್ತೇನೆ. ನಿಮ್ಮ ಪತ್ರವನ್ನು ಮೂರನೇ ಬಾರಿ ಓದುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಮೊದಲೆರಡು ಬಾರಿ ನಾನೂ ಗಮನಿಸಿರಲಿಲ್ಲ. ನಿಮ್ಮ ಮಗನ ಕಷ್ಟ ಅವನ ಮಾಸ್ಕ್‌ನಿಂದ ಬಂದದ್ದಲ್ಲ. ಅವನ ಎದುರು ನಿಂತು ಪಾಠ ಹೇಳುತ್ತಿದ್ದ ಶಿಕ್ಷಕಿಯ ಮಾಸ್ಕ್‌ನಿಂದ, ಪಕ್ಕದಲ್ಲಿ ಕುಳಿತ ಗೆಳೆಯರ ಮಾಸ್ಕ್‌ನಿಂದ ಬಂದದ್ದು. ಮಾಸ್ಕ್ ಮಾತಿನ ತೀಕ್ಷ್ಣ ಧ್ವನಿಗಳನ್ನು ಮಂಕು ಮಾಡುತ್ತದೆ. ತುಟಿ ಮುಚ್ಚಿದರೆ, ತುಟಿಯ ಚಲನೆಯನ್ನು ನೋಡಿ ಅರ್ಧ ಮಾತನ್ನು ಹಿಡಿಯುವ ಮಗು ಆ ಅರ್ಧವನ್ನೂ ಕಳೆದುಕೊಳ್ಳುತ್ತದೆ. ಅಂದರೆ ನಿಮಗೆ ಬೇಕಾಗಿದ್ದದ್ದು ಬೇರೆಯವರ ಮುಖ ತೆರೆದಿರುವುದು. ನಿಮ್ಮ ಗೆಳತಿಗೆ ಬೇಕಾಗಿದ್ದದ್ದು ಬೇರೆಯವರ ಮುಖ ಮುಚ್ಚಿರುವುದು. ಇಬ್ಬರೂ ಇತರ ಕುಟುಂಬಗಳಿಂದ ಒಂದು ಉಪಕಾರವನ್ನು ಕೇಳುತ್ತಿದ್ದಿರಿ. ಸಭೆಯಲ್ಲಿ ನಿಮ್ಮ ಕೋರಿಕೆಗೆ ‘ಸ್ವಾತಂತ್ರ್ಯ’ ಎಂಬ ಹೆಸರು ಸಿಕ್ಕಿತು, ಅವರ ಕೋರಿಕೆಗೆ ‘ಹೇರಿಕೆ’ ಎಂಬ ಹೆಸರು ಬಂತು.

ಹಾಗಾಗಿ ‘ನನ್ನ ಮಗನ ಮಾಸ್ಕ್ ನನ್ನ ತೀರ್ಮಾನ’ ಎಂಬ ಮಾತು ನಿಮ್ಮ ಮಗನ ಅಗತ್ಯವನ್ನೇ ಸರಿಯಾಗಿ ಹೇಳಲಿಲ್ಲ ಎಂದು ನನಗನ್ನಿಸುತ್ತದೆ. ಗೆಳತಿಯ ಮನೆಯ ಮಟ್ಟಿಗಂತೂ ಅದು ಹೊಂದುವುದೇ ಇಲ್ಲ. ಕಸಿ ಮಾಡಿದ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ಅವರ ಯಜಮಾನರು ಜೀವನಪರ್ಯಂತ ನುಂಗಬೇಕು. ಅಂಥವರಿಗೆ ಎರಡು ಡೋಸ್ ಲಸಿಕೆ ಸಾಲದೆಂದು ತಿಳಿದು ಸಿಡಿಸಿ ಮೂರನೇ ಡೋಸ್‌ಗೆ ಶಿಫಾರಸು ಮಾಡಿದ್ದು ಅದೇ ಆಗಸ್ಟ್‌ನ 13ರಂದು. ಡೆಲ್ಟಾ ತಳಿ ಹಬ್ಬುತ್ತಿದ್ದ ಕಾಲ ಅದು. ಐದರಿಂದ ಹನ್ನೊಂದರ ವಯಸ್ಸಿನ ಮಕ್ಕಳಿಗೆ ಲಸಿಕೆ ಸಿಕ್ಕಿದ್ದು ನವೆಂಬರ್‌ನಲ್ಲಿ. ಆ ಹುಡುಗಿ ಶಾಲೆಯಿಂದ ಮನೆಗೆ ಏನನ್ನು ತರಬಹುದೆಂಬ ಭಯಕ್ಕೆ ಆ ತಾಯಿಯ ಬಳಿ ಬೇರೆ ಮದ್ದಿರಲಿಲ್ಲ. ಐಚ್ಛಿಕವೆಂದರೆ ಪ್ರತಿಯೊಬ್ಬರಿಗೂ ಆಯ್ಕೆ ಎಂದು ಹೇಳಲಾಯಿತು. ಅವರಿಗೆ ಉಳಿದ ಆಯ್ಕೆ ಶಾಲೆ ಬಿಡುವುದೊಂದೇ. ಇದೇ ಸಭೆ 2022ರ ಮಾರ್ಚ್‌ನಲ್ಲಿ, ಮಕ್ಕಳಿಗೆ ಲಸಿಕೆ ಬಂದ ಮೇಲೆ, ಸಿಡಿಸಿಯೇ ನಿಯಮವನ್ನು ಸಡಿಲಿಸಿದ ಮೇಲೆ ನಡೆದಿದ್ದರೆ ನಾನು ಇಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ. ತಿಂಗಳು ಬದಲಾದರೆ ತೂಕವೂ ಬದಲಾಗುವ ವಿಷಯವಿದು.

ಪೋಷಕರೇ ಮಕ್ಕಳ ಮೊದಲ ಶಿಕ್ಷಕರು ಎಂಬ ನಿಮ್ಮ ಧರ್ಮಸಭೆಯ ಬೋಧನೆಯನ್ನು ನೀವು ನೆನಪಿಸಿದ್ದೀರಿ. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಅದನ್ನು ಸ್ಪಷ್ಟವಾಗಿ ಸಾರಿತು. ನಿಮ್ಮ ಸಭೆಯಲ್ಲಿ ಒಬ್ಬರು ಪೋಪ್ 11ನೇ ಪಯಸ್ ಅವರ 1931ರ ಪರಿಪತ್ರವನ್ನು ಎತ್ತಿ, ಕೆಳಗಿನವರು ಮಾಡಬಲ್ಲ ಕೆಲಸವನ್ನು ಮೇಲಿನವರು ಕಿತ್ತುಕೊಳ್ಳಬಾರದೆಂದು ಹೇಳಿದರಂತೆ. ನಾನು ಆ ಧರ್ಮಸಭೆಯವನಲ್ಲ, ಆದರೂ ಗೌರವದಿಂದ ಒಂದು ಮಾತು: ಆ ತತ್ತ್ವಕ್ಕೆ ಹೆಸರು ಬಂದಿರುವ ಲ್ಯಾಟಿನ್ ಪದದ ಅರ್ಥ ‘ನೆರವು’. ಕೆಳಗಿನವರ ಕೈಲಾಗದಿದ್ದಾಗ ಮೇಲಿನವರು ನೆರವಿಗೆ ಬರಬೇಕೆಂಬುದು ಅದರ ಇನ್ನೊಂದು ಅರ್ಧ. ತನ್ನ ಗಂಡನ ಸುತ್ತಲಿನ ಗಾಳಿಯನ್ನು ಒಂಟಿಯಾಗಿ ಶುದ್ಧವಾಗಿಡುವುದು ಆ ತಾಯಿಯ ಕೈಲಾಗುವ ಕೆಲಸವಾಗಿರಲಿಲ್ಲ. ಎರಡನೇ ಅರ್ಧವನ್ನು ಆ ಸಂಜೆ ಯಾರೂ ಓದಲಿಲ್ಲ.

ಇದರ ಹೊಣೆಯನ್ನು ನಿಮ್ಮೊಬ್ಬರ ಮೇಲೆ ಹೊರಿಸುವುದು ಅನ್ಯಾಯ. ನನ್ನ ದೃಷ್ಟಿಯಲ್ಲಿ ದೊಡ್ಡ ಲೋಪ ಸಭೆಯನ್ನು ನಡೆಸಿದವರದು. ಬೇಕೋ ಬೇಡವೋ ಎಂದು ಕೈ ಎತ್ತಿಸುವ ಮೊದಲು, ಯಾವ ಮನೆಯಲ್ಲಿ ಯಾವ ಕಷ್ಟವಿದೆ ಎಂದು ಗುಟ್ಟಾಗಿ, ಒಬ್ಬೊಬ್ಬರನ್ನೇ ಕೇಳಬಹುದಿತ್ತು. ಕೇಳಿದ್ದರೆ ಎರಡು ಹೆಸರುಗಳು ಮೇಜಿನ ಮೇಲೆ ಬರುತ್ತಿದ್ದವು. ತುಟಿ ಕಾಣುವಂತೆ ಪಾರದರ್ಶಕ ಭಾಗವಿರುವ ಮಾಸ್ಕ್‌ಗಳು ಆಗಲೇ ದೊರೆಯುತ್ತಿದ್ದವು. ನಿಮ್ಮ ಮಗನ ಶಿಕ್ಷಕಿಗೆ ಅವನ್ನು ಕೊಡಿಸಬಹುದಿತ್ತು. ಅವರ ಕೊರಳಿನ ಮೈಕ್‌ನಿಂದ ಧ್ವನಿ ನೇರವಾಗಿ ಶ್ರವಣಯಂತ್ರಕ್ಕೆ ಹೋಗುವ ಏರ್ಪಾಡು ಸಾಂಕ್ರಾಮಿಕಕ್ಕೂ ಮೊದಲಿನಿಂದ ಇದೆ. ಕಿಟಕಿ ತೆರೆಯುವುದು, ತರಗತಿಯಲ್ಲಿ ಗಾಳಿಯ ಸೂಕ್ಷ್ಮ ಕಣಗಳನ್ನು ಸೋಸುವ ಹೆಪಾ ಫಿಲ್ಟರ್ ಇಡುವುದು, ಆ ಒಂದು ತರಗತಿಗೆ ಮಾತ್ರ ನವೆಂಬರ್‌ವರೆಗೆ ಮಾಸ್ಕ್ ನಿಯಮ ಉಳಿಸುವುದು, ಆ ಹುಡುಗಿಗೆ ಮುಖಕ್ಕೆ ಸರಿಯಾಗಿ ಕೂರುವ ಒಳ್ಳೆಯ ಮಾಸ್ಕ್ ಕೊಡಿಸಿ ಕಿಟಕಿಯ ಪಕ್ಕ ಕೂರಿಸುವುದು, ಇವೆಲ್ಲ ಕಡ್ಡಾಯಕ್ಕೂ ಐಚ್ಛಿಕಕ್ಕೂ ನಡುವೆ ಇದ್ದ ದಾರಿಗಳು. ಇವುಗಳಿಂದ ಎಲ್ಲ ಅಪಾಯವೂ ತಪ್ಪುತ್ತಿತ್ತೆಂದು ಹೇಳಲಾರೆ. ತನ್ನ ಯಜಮಾನರ ಜೀವದ ಬಗ್ಗೆ ಊರು ಯೋಚಿಸಿತು ಎಂಬುದಾದರೂ ಆ ತಾಯಿಗೆ ಗೊತ್ತಾಗುತ್ತಿತ್ತು.

ಹಾಗಾದರೆ ನೀವು ಮಾಡಿದ್ದು ತಪ್ಪೇ? ಮಗನಿಗೆ ಪಾಠ ಕೇಳಿಸಲಿ ಎಂದು ಹೋರಾಡಿದ್ದು ತಪ್ಪಲ್ಲ. ಅದನ್ನು ಇನ್ನೂ ಜೋರಾಗಿ, ಅವನ ಕಿವಿಯ ಹೆಸರು ಹೇಳಿಯೇ ಕೇಳಬೇಕಿತ್ತು. ಎಲ್ಲರ ಪರವಾಗಿ ಬರೆದ ಮನವಿಗೆ ಸಹಿ ಹಾಕಿ, ಅದರಿಂದ ಯಾರಿಗೆ ಏನಾಗುತ್ತದೆಂದು ನೋಡದೆ ಹೊರಬಂದದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಪತ್ರ ಬರೆದ ನಿಮಗೂ ಅದು ಒಳಗೊಳಗೆ ಗೊತ್ತಿದೆ ಎಂದು ಊಹಿಸುತ್ತೇನೆ. ಇಲ್ಲದಿದ್ದರೆ ಇಷ್ಟು ವರ್ಷಗಳ ಮೇಲೆ ಏಳು ಪುಟ ಬರೆಯುತ್ತಿರಲಿಲ್ಲ.

ಗೆಳತಿಗೆ ಈಗ ಬರೆಯಬಹುದೇ, ತಡವಾಯಿತೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಬರೆಯಿರಿ. ಅಧ್ಯಯನಗಳನ್ನೂ ತೀರ್ಪುಗಳನ್ನೂ ಅದರಲ್ಲಿ ಸೇರಿಸಬೇಡಿ, ನಿಮ್ಮ ಸಹಿಯನ್ನು ಸಮರ್ಥಿಸಿಕೊಳ್ಳಲೂ ಬೇಡಿ. ಮೊದಲ ಸಾಲಿನಲ್ಲೇ ಅವರ ಯಜಮಾನರು ಹೇಗಿದ್ದಾರೆಂದು ಕೇಳಿ. ಆ ಸಂಜೆ ಸಭೆಯಲ್ಲಿದ್ದ ಯಾರೂ ಅದನ್ನು ಕೇಳಲಿಲ್ಲವೆಂದು ನೀವೇ ಬರೆದಿದ್ದೀರಿ.

— ಸಂಪಾದಕ