ಕೂಲಂಟ್ ಬದಲಿಸಿದ ಮೇಲೆ ಟೆಂಪರೇಚರ್ ಮುಳ್ಳು ಏರಿಳಿಯುತ್ತಿದೆ, ದಾವಣಗೆರೆಗೆ ಹೋಗಬಹುದಾ?

ಸದ್ಯಕ್ಕೆ ಹೋಗಬೇಡಿ. ಚಿತ್ರದುರ್ಗದಿಂದ ದಾವಣಗೆರೆಗೆ ಸುಮಾರು 60 ಕಿಲೋಮೀಟರ್ ಹೈವೇ, ಮಧ್ಯೆ ಇಂಜಿನ್ ಕಾದರೆ ಕಷ್ಟ. ಹೀಟರ್ ಹಾಕಿದರೂ ತಣ್ಣನೆ ಗಾಳಿ, ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು ಅಂತಲೂ ಬರೆದಿದ್ದೀರಿ. ಇಂಜಿನ್ ತಣ್ಣಗಿಡುವ ಕೂಲಂಟ್ ಹರಿಯುವ ದಾರಿಯೊಳಗೆ ಗಾಳಿ ಸಿಕ್ಕಿಕೊಂಡಿರಬೇಕು. ಗಾಳಿ ಇದ್ದ ಕಡೆ ಕೂಲಂಟ್ ಹರಿಯುವುದಿಲ್ಲ, ಅಲ್ವಾ?

ಇಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ, ಇದರಲ್ಲಿ ಮಾತ್ರ ಅವಸರ ಬೇಡ. ಗಾಳಿ ಮೇಲಕ್ಕೇ ಹೋಗುವುದರಿಂದ, ಗಾಡಿಯ ಮೂತಿ ಎತ್ತರಕ್ಕಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ. ನಮ್ಮ ದುರ್ಗದಲ್ಲಿ ಏರು ಹುಡುಕಬೇಕಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ.

ರೇಡಿಯೇಟರ್ ಮುಚ್ಚಳ ತೆಗೆದು (ಕೆಲವು ಗಾಡಿಗಳಲ್ಲಿ ಕೂಲಂಟ್ ಟ್ಯಾಂಕಿನದು) ಕೂಲಂಟ್ ನಿಧಾನವಾಗಿ ತುಂಬಿ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಇಂಜಿನ್ ಸ್ಟಾರ್ಟ್ ಮಾಡಿ, ಸುಮ್ನೆ ಐಡಲ್‌ನಲ್ಲಿ ಬಿಡಿ. ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದಾಗ ರೇಡಿಯೇಟರ್ ಕಡೆಗೆ ಕೂಲಂಟ್ ಬಿಡುವ ವಾಲ್ವ್) ತೆರೆದಾಗ ಗುಳ್ಳೆ ಜಾಸ್ತಿ ಬಂದು ಮಟ್ಟ ಇಳಿಯುತ್ತದೆ. ಇಳಿದಷ್ಟೂ ತುಂಬಿ. ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಸ್ವಲ್ಪ ಸಡಿಲಿಸಿ, ಗುಳ್ಳೆಯಿಲ್ಲದ ಕೂಲಂಟ್ ಬಂದಾಗ ಬಿಗಿಮಾಡಿ. ಗುಳ್ಳೆ ನಿಂತು ಹೀಟರ್ ಬಿಸಿ ಗಾಳಿ ಕೊಟ್ಟರೆ ಮುಚ್ಚಳ ಹಾಕಿ. ಮುಳ್ಳು ಮಧ್ಯ ದಾಟಿದರೆ ತಕ್ಷಣ ಆಫ್ ಮಾಡಿ.

ದಯವಿಟ್ಟು ಬೋರ್‌ವೆಲ್ ನೀರು ಹಾಕಬೇಡಿ. ಗಡಸು ನೀರಿನ ಸುಣ್ಣ ಒಳಗೆ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲಂಟೇ ಸರಿ.

ಮರುದಿನ ಬೆಳಿಗ್ಗೆ ಮಟ್ಟ ನೋಡಿ. ಎರಡು ಮೂರು ಸಲ ಮಾಡಿದರೂ ಗುಳ್ಳೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಹೋಗಿರಬಹುದು, ಮೆಕ್ಯಾನಿಕ್‌ಗೆ ತೋರಿಸಿ.