ಕೋಲಾಟದಲ್ಲಿ ಹೊತ್ತು ಹೋಗುತ್ತದೆ, ಮೀಟಿಂಗಿನಲ್ಲಿ ಯಾಕಿಲ್ಲ?

ವಿರಾಜಪೇಟೆ ಕಡೆಯ ಓದುಗರೊಬ್ಬರ ಪತ್ರ: "ನಮ್ಮ ಸುಗ್ಗಿಹಬ್ಬ ಪುತ್ತರಿಗೆ ಊರ ಬಯಲು ಮಂದ್‌ನಲ್ಲಿ ಕೋಲಾಟಕ್ಕೆ ಇಳಿದರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ಅದೇ ಜನ ಸಂಘದ ಮೀಟಿಂಗಿಗೆ ಕೂತರೆ ಹತ್ತೇ ನಿಮಿಷಕ್ಕೆ ಆಕಳಿಕೆ. ಮನಶ್ಶಾಸ್ತ್ರದವರು 'ಫ್ಲೋ' ಅನ್ನುವುದು ಇದನ್ನೇನಾ, ಇಲ್ಲ ಬರೀ ಗುಂಪಿನ ಅಮಲಾ? ಮೀಟಿಂಗಿಗೂ ಇದನ್ನು ತರಲು ಆಗುತ್ತದಾ?"

ಫ್ಲೋ ಅಂತಲೇ ನನಗೆ ಅನ್ನಿಸುತ್ತದೆ. ಅಂದರೆ ಮಾಡುವ ಕೆಲಸದಲ್ಲೇ ಪೂರ್ತಿ ಮುಳುಗಿ ಹೊತ್ತಿನ ಪರಿವೆ ಇಲ್ಲದಿರುವುದು. ಆ ಹೆಸರನ್ನು ಬಳಕೆಗೆ ತಂದವರು ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ. (ತಡವರಿಸದೆ ಓದಿದವರಿಗೆ ಶಹಬ್ಬಾಸ್.) 1970ರ ದಶಕದಲ್ಲಿ ಬಂಡೆ ಹತ್ತುವವರು, ಚೆಸ್ ಆಡುವವರು, ಸರ್ಜನ್‌ಗಳು ಹೀಗೆ ಹಲವರನ್ನು ಮಾತಾಡಿಸಿದರು. ಫ್ಲೋ ಬರಬೇಕಾದರೆ ಏನೇನು ಬೇಕು ಅಂತ ಅವರು ಹೇಳಿದ್ದು ಇಷ್ಟು. ಮುಂದೇನು ಮಾಡಬೇಕು ಅನ್ನುವುದು ಸ್ಪಷ್ಟವಿರಬೇಕು. ಮಾಡಿದ್ದು ಸರಿಯೋ ತಪ್ಪೋ ಆಗಲೇ ಗೊತ್ತಾಗಬೇಕು. ತೀರಾ ಸುಲಭವಾದರೆ ಬೇಜಾರು, ತೀರಾ ಕಷ್ಟವಾದರೆ ಗಾಬರಿ. ಎರಡರ ನಡುವೆ ಇರಬೇಕು.

ಕೋಲಾಟದಲ್ಲಿ ಇದೆಲ್ಲ ಇದೆ, ಅಲ್ವಾ? ಮನಸ್ಸು ಎಲ್ಲೋ ಹೋಯಿತೋ, ಎದುರಿನವರ ಕೋಲು ನಿಮ್ಮ ಬೆರಳಿಗೇ ಬಡಿಯುತ್ತದೆ. ಕೈ ಕುದುರಿತು ಅನ್ನುವಷ್ಟರಲ್ಲಿ ಗತಿ ಏರುತ್ತದೆ. ನಿಮ್ಮ ಏಟು ಸರಿ ಬೀಳಬೇಕಾದರೆ ಎದುರಿನವರ ಕೋಲು ಅಲ್ಲಿರಲೇಬೇಕು. ದುಡಿ ಬಾರಿಸುತ್ತ ಹಾಡುವ ನಿಮ್ಮ ದುಡಿಕೊಟ್ಟ್ ಪಾಟ್‌ನಲ್ಲೂ ಹಾಗೇ. ಇಬ್ಬರು ಹಾಡಿದ ಸಾಲನ್ನು ಜೊತೆಯವರು ಎತ್ತಿಕೊಳ್ಳಬೇಕು. ಕಿವಿ ಅತ್ತ ಇಲ್ಲದಿದ್ದರೆ ಪಾಟ್ ಅಲ್ಲೇ ಮುಗ್ಗರಿಸುತ್ತದೆ.

ಒಟ್ಟಿಗೆ ಇದ್ದರೆ ಸಾಲದು, ಒಬ್ಬರಿಗೊಬ್ಬರು ಬೇಕಾಗಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ವಾಕರ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಂದ ಚೆಂಡು-ಬ್ಯಾಟಿನ ಆಟ ಆಡಿಸಿ ನೋಡಿದರು. ಒಬ್ಬರೇ ಆಡಿದವರಿಗಿಂತ ಜೊತೆಯಾಗಿ ಆಡಿದವರಿಗೆ ಖುಷಿ ಜಾಸ್ತಿ. ಒಬ್ಬರನ್ನೊಬ್ಬರು ನೆಚ್ಚಿಕೊಂಡಷ್ಟೂ ಖುಷಿ ಹೆಚ್ಚು.

ಇನ್ನು ಅಮಲಿನ ಮಾತು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನೇ ನೋಡಿ. ಗ್ಯಾಲರಿಯಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡವರಿಗೂ ಮೈಮರೆವು ಇದೆ. ಆದರೆ ಅವರು ನಡುವೆ ಎದ್ದು ಟೀ ಕುಡಿದು ಬಂದರೂ ಆಟಕ್ಕೆ ಏನೂ ಆಗುವುದಿಲ್ಲ. ಡಿಫೆಂಡರ್ ಒಂದು ಕ್ಷಣ ಮೈಮರೆತರೆ ಗೋಲು. ಗ್ಯಾಲರಿಯದನ್ನು ಬೇಕಾದರೆ ಅಮಲು ಅನ್ನಿ. ಅದೇನೂ ಕೆಟ್ಟದ್ದಲ್ಲ.

ನಿಮ್ಮ ಮೀಟಿಂಗಿನಲ್ಲಿ ಒಬ್ಬರು ವರದಿ ಓದುತ್ತಾರೆ, ಉಳಿದವರು ಗ್ಯಾಲರಿ. ವರದಿಯನ್ನು ಮೊದಲೇ ವಾಟ್ಸಾಪ್‌ಗೆ ಹಾಕಿಬಿಡಿ. ಕೈಲ್‌ಪೊಳ್ದ್ ಹಬ್ಬದ ಕ್ರೀಡಾಕೂಟದ ತಯಾರಿಯಂಥ ಒಂದು ಕೆಲಸ ಹಿಡಿಯಿರಿ. ನಾಲ್ಕೈದು ಜನರ ತಂಡ ಮಾಡಿ, ಒಬ್ಬರ ಪಟ್ಟಿ ಮುಗಿಯದೆ ಇನ್ನೊಬ್ಬರದು ಸಾಗದ ಹಾಗೆ ಹಂಚಿ, ಅಲ್ಲೇ ಕೂತು ಮುಗಿಸಿ. ಖರ್ಚುವೆಚ್ಚದ ಲೆಕ್ಕ ಓದುವಾಗ ಮಾತ್ರ ಆಕಳಿಕೆ ತಪ್ಪಿದ್ದಲ್ಲ. ಅದಕ್ಕೆ ಮುಂಚೆ ಕಾಫಿ ಕೊಡಿಸಿ.

— ಸಂಪಾದಕ